ಸಂಬಳ ನನ್ನದು, ಪಿನ್ ಅವರದು

ಲತಾ ಅಂತ ಕರೆಯೋಣ. ಹೆಸರು, ಊರು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಗಾರ್ಮೆಂಟ್ಸ್‌ನಲ್ಲಿ ಟೈಲರ್, ನಾಲ್ಕು ವರ್ಷದ ಮಗಳು. ನಾನು ಕೆಲಸ ಮಾಡುವ ಮಹಿಳಾ ಸಲಹಾ ಕೇಂದ್ರಕ್ಕೆ ಬಂದಿದ್ದರು. "ಅವರು ಕುಡಿಯಲ್ಲ ಮೇಡಂ, ಒಂದು ದಿನಕ್ಕೂ ಕೈ ಎತ್ತಿಲ್ಲ. ನಾನು ಇಲ್ಲಿಗೆ ಬರಬಹುದೋ ಇಲ್ವೋ ಗೊತ್ತಿಲ್ಲ" ಅಂತಲೇ ಮಾತು ಶುರು ಮಾಡಿದರು.

ಎಂಟು ವರ್ಷದಿಂದ ದುಡಿಯುತ್ತಿದ್ದಾರೆ, ಆದರೆ ತಮ್ಮದೇ ಎಟಿಎಂ ಕಾರ್ಡಿನ ಪಿನ್ ಗೊತ್ತಿಲ್ಲ. ಕಾರ್ಡು ಗಂಡನ ಹತ್ತಿರ, ಬ್ಯಾಂಕಿನ ಮೆಸೇಜ್ ಬರುವುದೂ ಗಂಡನ ಮೊಬೈಲಿಗೆ, ತವರಿನ ಸರ ಅಡವಿಟ್ಟಿದ್ದು ಯಾವ ಅಂಗಡಿಯಲ್ಲಿ ಅಂತ ಕೇಳಿದರೆ ಮೂರು ದಿನ ಮಾತು ಬಂದ್. ಪ್ಯಾಡ್ ತರಲಿಕ್ಕೂ ಲೆಕ್ಕ ಹೇಳಬೇಕು. ತವರಿಗೆ ಹೋಗದಿರಲಿ ಅಂತ ಬಸ್ ಚಾರ್ಜ್ ಕೊಡುತ್ತಿರಲಿಲ್ಲವಂತೆ. 2023ರಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಫ್ರೀ ಆದ ಮೇಲೆ, ಎಲ್ಲಿಗೆ ಹೋಗಿದ್ದರು ಅಂತ ತಿಳಿಯಲು ಗಂಡ ಅವರ ಬ್ಯಾಗಿನಲ್ಲಿ ಟಿಕೆಟ್ ಹುಡುಕಲು ಶುರು ಮಾಡಿದರಂತೆ. (ನಮ್ಮಲ್ಲಿಗೆ ಬಂದ ಬಸ್ಸಿನ ಟಿಕೆಟ್ಟನ್ನು ಲತಾ ನಮ್ಮ ಕಸದ ಬುಟ್ಟಿಗೇ ಹಾಕಿ ಹೋದರು.) ಸೋದರಮಾವನಿಗೆ ಹೇಳಿಕೊಂಡರೆ, "ಗಂಡ ಸಂಬಳ ಇಟ್ಟುಕೊಂಡರೆ ತಪ್ಪೇನಮ್ಮ, ಮನೆಗೇ ತಾನೆ?"

ತಪ್ಪೇ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ, ಬೈಗುಳ, ಲೈಂಗಿಕ ಹಿಂಸೆಯ ಜೊತೆಗೇ ಆರ್ಥಿಕ ದೌರ್ಜನ್ಯವೂ ಇದೆ. ಹಣ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು, ಅವಳ ಒಡವೆ ಮಾರಿಕೊಳ್ಳುವುದು, ಎಲ್ಲವೂ ಅದರಲ್ಲಿ ಬರುತ್ತದೆ. ಇದನ್ನು ಓದಿ ಹೇಳಿದಾಗ ಲತಾ ಸುಮ್ಮನೆ ಕೂತರು. ಆಮೇಲೆ "ಹಂಗಾದ್ರೆ ನಾನು ದುರಾಸೆಯವಳಲ್ಲ ಅಲ್ವಾ?" ಅಂದರು. ಗಂಡ ಬೈಯುತ್ತಿದ್ದ ಮಾತು ಅದು.

"ಫ್ಯಾಕ್ಟರಿಯಲ್ಲಿ ಹೇಳಿ ನಾಳೆಯೇ ಸಂಬಳದ ಖಾತೆ ಬದಲಿಸಲಾ?" ಎಂದು ಕೇಳಿದರು. ಬೇಡ ಅಂದೆ. ಇದುವರೆಗೆ ಕೈ ಎತ್ತದವನು ಹಣ ನಿಂತ ತಿಂಗಳು ಎತ್ತಬಹುದು, ಇಂಥದ್ದನ್ನು ನಾವು ನೋಡಿದ್ದೇವೆ. ಮೊದಲು ಬೇರೆ ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೊಂದು ಖಾತೆ ಮಾಡಿಸಿ, ಗಂಡನ ನಂಬರ್ ಕೊಡಬೇಡಿ. ಆಧಾರ್, ಮಗಳ ಜನನ ಪ್ರಮಾಣಪತ್ರ, ಸಂಬಳದ ಚೀಟಿ, ಒಡವೆ ಹಾಕಿಕೊಂಡ ಮದುವೆ ಫೋಟೋ, ಇವುಗಳ ಜೆರಾಕ್ಸ್ ಅಕ್ಕನ ಮನೆಯಲ್ಲಿಡಿ. ರಾತ್ರಿ ಹೊರಡಬೇಕಾಗಿ ಬಂದರೆ ಯಾರ ಮನೆಗೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಅಪಾಯ ಅನ್ನಿಸಿದರೆ 112, ಸಲಹೆಗೆ ಮಹಿಳಾ ಸಹಾಯವಾಣಿ 181. ನಂಬರ್‌ಗಳನ್ನು ಮೊಬೈಲಿನಲ್ಲಿ ಸೇವ್ ಮಾಡಬೇಡಿ, ಬಾಯಿಪಾಠ ಮಾಡಿ.

ಅವರಿಗೆ ಜಾಸ್ತಿ ಭಯ ಇದ್ದದ್ದು ಮನೆ ಬಿಡಬೇಕಾಗುತ್ತೆ ಅನ್ನೋದರ ಬಗ್ಗೆ. ಬಿಡಬೇಕಿಲ್ಲ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಇದೇ ಕಾಯ್ದೆ ಕೊಡುತ್ತದೆ. ಪೊಲೀಸ್ ಕೇಸ್ ಆಗಲೇಬೇಕು ಅಂತಲೂ ಇಲ್ಲ. ಈ ಕಾಯ್ದೆಯ ರಕ್ಷಣಾಧಿಕಾರಿ (ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಮೇಡಂ ಅಥವಾ ಸರ್) ವರದಿ ತಯಾರಿಸಿ ಮ್ಯಾಜಿಸ್ಟ್ರೇಟ್‌ಗೆ ಕಳಿಸುತ್ತಾರೆ, ಒಡವೆ ವಾಪಸ್ ಕೊಡಿಸಿ ಎಂದೂ ಅಲ್ಲೇ ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿ ಅಂತ ಅಕ್ಕ ಫೋನ್ ಮಾಡಿದ್ದರು. ನಾನು ಒಪ್ಪಲಿಲ್ಲ. ಇಲ್ಲಿ ಆಡಿದ ಮಾತಿಗೆ ಲತಾ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ.

ಎರಡು ತಿಂಗಳಾದ ಮೇಲೆ ಬಂದರು. ಖಾತೆ ಆಗಿದೆ, ಸಂಬಳ ಇನ್ನೂ ಹಳೆಯದಕ್ಕೇ ಹೋಗುತ್ತಿದೆ. ಅರ್ಜಿ ಕೊಡುವುದನ್ನು ಇನ್ನೂ ತೀರ್ಮಾನಿಸಿಲ್ಲ, ನಾನೂ ಅವಸರ ಮಾಡಲಿಲ್ಲ. ಹೊಸ ಪಾಸ್‌ಬುಕ್ ನಮ್ಮ ಬೀರುವಿನಲ್ಲೇ ಇದೆ.