ಟೆಕ್ಸಸ್‌ನ ಫ್ರಿಸ್ಕೋದಲ್ಲಿದ್ದೇವೆ. ಹೊಸ ವೆದರ್ ರೇಡಿಯೋದಲ್ಲಿ (ಬಿರುಗಾಳಿಯಂಥ ಹವಾಮಾನದ ಎಚ್ಚರಿಕೆ ಕೊಡುವ ರೇಡಿಯೋ) ಧ್ವನಿ ಸ್ಪಷ್ಟವಾಗಿ ಬರುತ್ತಿದೆ, ಇನ್ನೇನು ಪರೀಕ್ಷಿಸಬೇಕು?

ಧ್ವನಿ ಬರುತ್ತಿದೆ ಅಂದಮಾತ್ರಕ್ಕೆ ಅಲಾರಾಂ ಬರುತ್ತದೆ ಅಂತಲ್ಲ. ನಾನೂ ಹಾಗೇ ನಂಬಿ ಒಂದು ವರ್ಷ ನಿಶ್ಚಿಂತೆಯಿಂದ ಮಲಗಿದ್ದೆ. ಏಪ್ರಿಲ್‌ನ ಒಂದು ರಾತ್ರಿ ಬೀದಿಯ ಸೈರನ್ನಿಗೆ ಎದ್ದು ನೋಡಿದರೆ ಫೋನಿನಲ್ಲಿ ಟೊರ್ನೇಡೊ ವಾರ್ನಿಂಗ್. ದಿಂಬಿನ ಪಕ್ಕದ ರೇಡಿಯೋ ಮಾತ್ರ ತೆಪ್ಪಗಿತ್ತು.

ತಪ್ಪಿದ್ದದ್ದು ಆರಂಕಿಯ ಸೇಮ್ ಕೋಡ್‌ನಲ್ಲಿ, ಅಂದರೆ ಎಚ್ಚರಿಕೆ ಯಾವ ಜಾಗಕ್ಕೆ ಎಂದು ರೇಡಿಯೋಗೆ ತಿಳಿಸುವ ಸಂಖ್ಯೆಯಲ್ಲಿ. ರೇಡಿಯೋಗೆ ಊರು ಗೊತ್ತಿಲ್ಲ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಾತ್ರ ಗೊತ್ತು. ಎಚ್ಚರಿಕೆಗೆ ಮುಂಚೆ ಕರ್‌ ಅನ್ನುವ ಸದ್ದು ಬರುತ್ತದಲ್ಲ, ಅದರಲ್ಲೇ ಕೌಂಟಿಯ ಕೋಡ್ ಇರುತ್ತದೆ. ನೀವು ತುಂಬಿದ ಕೋಡ್‌ಗೆ ಅದು ಹೊಂದಿದರಷ್ಟೇ ಅಲಾರಾಂ. ಮೊದಲ 0 ಅಂದರೆ ಇಡೀ ಕೌಂಟಿ, 48 ಅಂದರೆ ಟೆಕ್ಸಸ್, ಕೊನೆಯ ಮೂರು ಅಂಕಿ ಕೌಂಟಿಯದು. ಫ್ರಿಸ್ಕೋ ಎರಡು ಕೌಂಟಿಗಳಲ್ಲಿ ಹಬ್ಬಿದೆ: ಕಾಲಿನ್ 048085, ಡೆಂಟನ್ 048121. ನಾನು ಕಾಲಿನ್ ತುಂಬಿದ್ದೆ, ಮನೆ ಇರುವುದು ಡೆಂಟನ್‌ನಲ್ಲಿ. ಕಾಲಿನ್‌ನ ಎಚ್ಚರಿಕೆಗಳಿಗೆ ಅದು ಸರಿಯಾಗಿ ಕೂಗುತ್ತಿದ್ದರಿಂದ ಅನುಮಾನವೇ ಬರಲಿಲ್ಲ. ಅಂಚೆ ವಿಳಾಸ ನೋಡಿ ತೀರ್ಮಾನಿಸಬೇಡಿ, ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ. ಬಿರುಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬರುವುದರಿಂದ ಕಾಲಿನ್‌ನವರೂ ಡೆಂಟನ್ ಸೇರಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಕೌಂಟಿ ಬೇಡ. ರಾತ್ರಿಯೆಲ್ಲ ಕೂಗಿದರೆ ಮನೆಯವರೇ ಪ್ಲಗ್ ಕಿತ್ತಿಡುತ್ತಾರೆ.

ಇನ್ನು ಚಾನೆಲ್. ಒಟ್ಟು ಏಳಿವೆ, 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ. ಡಲ್ಲಾಸ್ ಪ್ರಸಾರ ಕೇಂದ್ರ 162.400, ಫೋರ್ಟ್ ವರ್ತ್ 162.550. ಜೋರಾಗಿ ಕೇಳಿಸುವುದನ್ನೇ ಆರಿಸಬೇಡಿ. ಯಾವ ಕೇಂದ್ರ ನಿಮ್ಮ ಕೌಂಟಿಯ ಎಚ್ಚರಿಕೆ ಕಳಿಸುತ್ತದೆ ಎಂಬ ಪಟ್ಟಿ ನ್ಯಾಷನಲ್ ವೆದರ್ ಸರ್ವಿಸ್‌ನ ಜಾಲತಾಣದಲ್ಲಿದೆ.

ಟೆಸ್ಟ್ ಗುಂಡಿ ಒತ್ತಿದರೆ ತಿಳಿಯುವುದು ಸ್ಪೀಕರ್, ದೀಪದ ಸ್ಥಿತಿ ಮಾತ್ರ. ನಿಜವಾದ ಪರೀಕ್ಷೆ ಪ್ರಸಾರ ಕೇಂದ್ರವೇ ಕಳಿಸುವ ವಾರದ ಟೆಸ್ಟ್, ಸಾಮಾನ್ಯವಾಗಿ ಬುಧವಾರ ಮಧ್ಯಾಹ್ನದೊಳಗೆ ಬರುತ್ತದೆ. ಆ ದಿನ ಹವೆ ಕೆಟ್ಟಿದ್ದರೆ ಮುಂದೂಡುತ್ತಾರೆ. ಸೇಮ್ ಇರುವ ಹೆಚ್ಚಿನ ರೇಡಿಯೋಗಳು ಇದಕ್ಕೆ ಕೂಗುವುದಿಲ್ಲ, ಪರದೆಯ ಮೇಲೆ ಬರಹ ತೋರಿಸುತ್ತವೆ. ಬರಹ ಕಂಡರೆ ಚಾನೆಲ್, ಕೋಡ್ ಎರಡೂ ಹೊಂದಿವೆ ಎಂದರ್ಥ. ಆದರೆ ತಪ್ಪು ಕೌಂಟಿ ತುಂಬಿದ್ದರೆ ಇದರಲ್ಲೂ ಗೊತ್ತಾಗುವುದಿಲ್ಲ, ನನಗೂ ಬರಹ ಕಾಣುತ್ತಲೇ ಇತ್ತು.

ಅದೇ ಬುಧವಾರ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಬಿರುಗಾಳಿಯಲ್ಲಿ ಮೊದಲು ಹೋಗುವುದೇ ಕರೆಂಟು. ಆಲ್ಕಲೈನ್ ಸೆಲ್‌ಗಳನ್ನೇ ಹಾಕಿ, ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ತಿರುಗಿಸುವ ದಿನ, ಅಂದರೆ ವರ್ಷಕ್ಕೆ ಎರಡು ಸಲ, ಬದಲಿಸಿ. ಹಳೆಯ ಸೆಲ್ ಸೋರಿದರೆ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಆಮೇಲೆ ಸಂಪರ್ಕ ಸಿಗುವುದಿಲ್ಲ. ಆಂಟೆನಾ ಪೂರ್ತಿ ಎಳೆದು ನೆಟ್ಟಗೆ ನಿಲ್ಲಿಸಿ. ರೌಟರ್, ಎಲ್‌ಇಡಿ ಬಲ್ಬುಗಳಿಂದ ದೂರ, ಕಿಟಕಿಯ ಹತ್ತಿರ ಇಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಆ ಇಂಗ್ಲಿಷ್ ಧ್ವನಿ ಅವರಿಗೆ ಅರ್ಥವಾಗಲಿಕ್ಕಿಲ್ಲ. ರೇಡಿಯೋದ ಕೆಂಪು ದೀಪ ಹತ್ತಿದರೆ ಕೆಳಮಹಡಿಯ ಕಿಟಕಿಯಿಲ್ಲದ ಒಳಕೋಣೆಗೆ ಹೋಗಿ ಅಂತ ಹೇಳಿಕೊಡಿ, ಒಂದು ಸಲ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ.