ತಲೆಯ ಸ್ಕ್ಯಾನ್ ಆದಮೇಲೆ ನಿದ್ದೆಯೇ ಬರುತ್ತಿಲ್ಲ

ಗಂಗಾವತಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನನಗೆ 41 ವರ್ಷ. ನಾಟಿ ಸಮಯದಲ್ಲಿ ಗದ್ದೆಯಲ್ಲೇ ತಲೆ ಸುತ್ತಿ ಬಿದ್ದೆ. ಬಳ್ಳಾರಿಯಲ್ಲಿ ಎಂಆರ್‌ಐ ಮಾಡಿಸಿದರು. ಡಾಕ್ಟರು ತಲೆಸುತ್ತು ಕಿವಿಯಿಂದ ಬಂದದ್ದು ಅಂದರು, ಅದು ವಾಸಿಯೂ ಆಯಿತು. ಆದರೆ ರಿಪೋರ್ಟಿನಲ್ಲಿ ಎಡಗಡೆ 2.1 ಸೆಂ.ಮೀ. ಅರಕ್ನಾಯ್ಡ್ ಸಿಸ್ಟ್ ಇದೆ ಅಂತ ಬರೆದಿದೆ. 'ಏನೂ ಮಾಡೋದು ಬೇಡ, ವರ್ಷ ಬಿಟ್ಟು ನೋಡೋಣ' ಅಂದರು. ಅವತ್ತಿಂದ ನಿದ್ದೆ ಇಲ್ಲ. ಮಗಳ ಸ್ಕೇಲ್ ತಗೊಂಡು ಹಣೆಯ ಪಕ್ಕದಲ್ಲಿ ಅಳೆದು ನೋಡಿದೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಅದನ್ನೇ ಹುಡುಕ್ತೀನಿ. ಮನೆಯವರಿಗೆ ಪೂರ್ತಿ ಹೇಳಿಲ್ಲ. ಅತ್ತೆ ಹುಲಿಗೆಮ್ಮನ ಹತ್ತಿರ ಹೋಗಿ ಬಾ ಅಂತಾರೆ. ಏನು ಮಾಡಲಿ?"

ಅಕ್ಕಾ, ಸ್ಕೇಲಿನ ಮಾತು ಓದಿ ಕರುಳು ಚುರ್ ಅಂದಿತು. ನಿಮ್ಮ ಹೆಸರು ಮುಚ್ಚಿಟ್ಟು ಪತ್ರವನ್ನು ನಮಗೆ ಪರಿಚಯವಿರುವ ನರರೋಗ ವೈದ್ಯರಿಗೆ ತೋರಿಸಿದೆ. ಅವರಿಂದ ತಿಳಿದದ್ದನ್ನೂ ನನಗೆ ಅನಿಸಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅರಕ್ನಾಯ್ಡ್ ಸಿಸ್ಟ್ ಅಂದರೆ ಕ್ಯಾನ್ಸರ್ ಅಲ್ಲ. ಮಿದುಳಿನ ಸುತ್ತ ಎಲ್ಲರಿಗೂ ತಿಳಿನೀರಿನಂಥ ದ್ರವ ಇರುತ್ತದೆ. ಅದೇ ದ್ರವ ತೆಳು ಪೊರೆಯೊಳಗೆ ಒಂದು ಕಡೆ ನಿಂತಿರುತ್ತದೆ, ಅಷ್ಟೆ. ಬಹಳ ಜನರಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ, ಮೈಮೇಲಿನ ಮಚ್ಚೆಯ ಹಾಗೆ. ನೀವು ಶಾಲೆಗೆ ಹೋಗುವಾಗ, ಮದುವೆಯಾದಾಗ, ಮಗಳನ್ನು ಹೆತ್ತಾಗ ಅದು ಅಲ್ಲೇ ಇದ್ದಿರಬಹುದು. ಯಂತ್ರ ಈಗ ತೋರಿಸಿದೆ.

ಇದು ನಿಮಗೊಬ್ಬರಿಗೇ ಬಂದದ್ದೂ ಅಲ್ಲ. ಅಮೆರಿಕದಲ್ಲಿ 48,417 ದೊಡ್ಡವರ ಎಂಆರ್‌ಐ ತೆಗೆದು ನೋಡಿದಾಗ 661 ಜನರಲ್ಲಿ ಇದೇ ಸಿಸ್ಟ್ ಕಂಡಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. 2007ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 2,000 ಸಾಮಾನ್ಯ ಜನರ ಮಿದುಳನ್ನು ಸ್ಕ್ಯಾನ್ ಮಾಡಿದ ವರದಿ ಬಂತು. ಶೇ. 7.2 ಜನರಲ್ಲಿ, ಅವರಿಗೇ ಗೊತ್ತಿಲ್ಲದೆ ಆಗಿಹೋದ ಸಣ್ಣ ಪಾರ್ಶ್ವವಾಯುವಿನ ಗುರುತುಗಳಿದ್ದವು. ಶೇ. 1.6 ಜನರಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಇತ್ತು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನೆಲ್ಲ ಸ್ಕ್ಯಾನ್ ಮಾಡಿದರೂ ಏನಾದರೊಂದು ಸಿಕ್ಕೇ ಸಿಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೊಡ್ಡ ಕವರಿನಲ್ಲಿ ಕಪ್ಪು ಫಿಲಂ, ಇಂಗ್ಲಿಷ್ ರಿಪೋರ್ಟ್ ಇಟ್ಟು ಕೈಗೆ ಕೊಟ್ಟು ಕಳಿಸುತ್ತಾರೆ. ಆ ರಿಪೋರ್ಟ್ ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಬರೆದ ಚೀಟಿ. ಕಂಡದ್ದನ್ನೆಲ್ಲ ಅದರಲ್ಲಿ ಬರೆಯುತ್ತಾರೆ, ಬರೆಯಬೇಕು ಕೂಡ. ಆದರೆ ಅದನ್ನು ಓದಿ ನಡುಗುವವರು ನಾವು. "ಏನೂ ಮಾಡೋದು ಬೇಡ" ಅನ್ನುವ ಡಾಕ್ಟರು ಯಾಕೆ ಬೇಡ ಅಂತ ಎರಡು ನಿಮಿಷ ಕೂಡಿಸಿಕೊಂಡು ಹೇಳಿದ್ದರೆ ನೀವು ಇಷ್ಟು ರಾತ್ರಿ ಎಚ್ಚರ ಇರುತ್ತಿರಲಿಲ್ಲ. ಈ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ.

ಈಗ ನಿಮ್ಮನ್ನು ಕಾಡುತ್ತಿರುವುದು ಸಿಸ್ಟ್‌ಗಿಂತ ಜಾಸ್ತಿ ಅದರ ಭಯ. ಭಯಕ್ಕೂ ಆರೈಕೆ ಬೇಕು, ಸುಮ್ನೆ "ಧೈರ್ಯವಾಗಿರಿ" ಅಂದರೆ ಆಗುವುದಿಲ್ಲ. ಮೊದಲು ನಿಮ್ಮ ಮನೆಯವರಿಗೆ ಪೂರ್ತಿ ಹೇಳಿ. ಮಕ್ಕಳು ಮಲಗಿದ ಮೇಲೆ ರಿಪೋರ್ಟ್ ಮುಂದಿಟ್ಟುಕೊಂಡೇ ಹೇಳಿ. ಅವರು ಹೆದರಬಾರದು ಅಂತ ನೀವು ಮುಚ್ಚಿಟ್ಟಿರಬಹುದು. ಆದರೆ ನೀವು ಊಟ ಬಿಟ್ಟು, ನಿದ್ದೆಗೆಟ್ಟು ಓಡಾಡುವುದು ಅವರ ಕಣ್ಣಿಗೆ ಬಿದ್ದೇ ಇರುತ್ತದೆ ಅಲ್ವಾ? ಏನೂ ಗೊತ್ತಿಲ್ಲದವರು ಇನ್ನೂ ಕೆಟ್ಟದ್ದನ್ನೇ ಊಹಿಸುತ್ತಾರೆ.

ಮಲಗುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ನಡುರಾತ್ರಿ ಹುಡುಕಿದರೆ ಆಪರೇಷನ್ ಆದವರ ಕಥೆಗಳೇ ಮೊದಲು ಸಿಗುತ್ತವೆ. ಏನೂ ಆಗದೆ ಆರಾಮಾಗಿ ಇರುವವರು ತಮ್ಮ ಕಥೆ ಬರೆಯುವುದಿಲ್ಲವಲ್ಲ. ಚಿಂತೆ ಬಂದಾಗ ಅದನ್ನು ಪ್ರಶ್ನೆ ಮಾಡಿ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಡಿ: ಇದು ದೊಡ್ಡದಾಗುತ್ತದಾ, ಭಾರ ಹೊರಬಹುದಾ, ಮುಂದಿನ ಸ್ಕ್ಯಾನ್ ಯಾವಾಗ. ಆ ಹಾಳೆ ಹಿಡಿದುಕೊಂಡು, ಯಜಮಾನರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ. ಉತ್ತರ ಸಿಗುವ ತನಕ ಏಳಬೇಡಿ. ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹುಲಿಗೆಮ್ಮನ ಹತ್ತಿರ ಖಂಡಿತ ಹೋಗಿ ಬನ್ನಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅಮ್ಮನ ಮುಂದೆ ನಿಂತು ಮನಸ್ಸು ಹಗುರಾದರೆ ಬೇಡ ಅನ್ನಲು ನಾನ್ಯಾರು? ಆದರೆ ಡಾಕ್ಟರು ಹೇಳಿದ ವರ್ಷದ ಸ್ಕ್ಯಾನ್ ತಪ್ಪಿಸಬೇಡಿ. ಹೆದರಿಕೊಂಡು ಅದಕ್ಕಿಂತ ಮೊದಲು ತಿಂಗಳಿಗೊಂದು ಸ್ಕ್ಯಾನ್ ಮಾಡಿಸಲೂ ಬೇಡಿ, ಸಾವಿರಾರು ರೂಪಾಯಿ ಹೋಗುತ್ತದೆ, ಭಯ ಹಾಗೇ ಇರುತ್ತದೆ.

ಕೆಲವಕ್ಕೆ ಮಾತ್ರ ಕಾಯಬಾರದು. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ಜೊತೆಗೆ ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ. ಇಂಥ ಸಿಸ್ಟ್ ಇದ್ದವರಿಗೆ ತಲೆಗೆ ಜೋರು ಪೆಟ್ಟು ಬಿದ್ದರೆ ಅಪರೂಪಕ್ಕೆ ಒಳಗೆ ರಕ್ತ ಸೋರಬಹುದು. ಹಾಗಾಗಿ ಬೈಕಿನ ಹಿಂದೆ ಕೂತಾಗಲೂ ಹೆಲ್ಮೆಟ್ ಹಾಕಿಕೊಳ್ಳಿ, ಪಕ್ಕದ ಊರಿಗೆ ಹೊರಟಿದ್ದರೂ ಅಷ್ಟೆ.

ಫಿಲಂ ಮತ್ತು ಸಿಡಿಯನ್ನು ಮಡಚದೆ, ಒದ್ದೆಯಾಗದ ಹಾಗೆ ಎತ್ತಿಡಿ. ಮುಂದಿನ ವರ್ಷದ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೇ ಡಾಕ್ಟರಿಗೆ ವ್ಯತ್ಯಾಸ ಗೊತ್ತಾಗುವುದು. ಅವರು ಏನಂದರು ಅಂತ ನಮಗೂ ಬರೆಯಿರಿ.

— ಸಂಪಾದಕ