ಸಿಗಾರ್‌ನಲ್ಲಿ ನಿಮಗೆ ಯಾವ ಸೈಜು, ಯಾವ ಶೇಪು ಇಷ್ಟ? ಯಾಕೆ?

ದುಬೈಯಿಂದ ಬರುತ್ತಿರುವ ಗೆಳೆಯ "ಸಿಗಾರ್ ತರುತ್ತೇನೆ, ಯಾವ ಸೈಜ್ ಬೇಕು ಹೇಳು" ಅಂದಿದ್ದಾನೆ, ರೊಬಸ್ಟೊ, ಟೊರೊ, ಚರ್ಚಿಲ್ ಅಂತೆಲ್ಲ ಕೇಳಿ ಗೊಂದಲವಾಗಿದೆ ಅಂತ ಬರೆದಿದ್ದೀರಿ. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಕೊರೋನಾ. ಅದರಲ್ಲೂ ಅದರ ತಮ್ಮ, ಪೆಟಿಟ್ ಕೊರೋನಾ. ಹೌದು, ಹೆಸರು ಅದೇ. 2020 ಆದಮೇಲೆ ಅಂಗಡಿಯಲ್ಲಿ "ಒಂದು ಕೊರೋನಾ ಕೊಡಿ" ಅಂದರೆ ಪಕ್ಕದವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.

ಮೊದಲು ಅಳತೆಯ ಲೆಕ್ಕ. ಸಿಗಾರ್‌ನ ಉದ್ದವನ್ನು ಇಂಚಿನಲ್ಲಿ ಹೇಳುತ್ತಾರೆ, ದಪ್ಪವನ್ನು ರಿಂಗ್ ಗೇಜ್‌ನಲ್ಲಿ. ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಪಾಲು. ಮಿಲಿಮೀಟರ್ ಬೇಕಿದ್ದರೆ ರಿಂಗ್ ಸಂಖ್ಯೆಯನ್ನು 0.4ರಿಂದ ಗುಣಿಸಿ, ಸಾಕು. ರೊಬಸ್ಟೊ ಸುಮಾರು 5 ಇಂಚು ಉದ್ದ, 50 ರಿಂಗ್ ದಪ್ಪ, ಅಂದರೆ ಹತ್ತಿರ ಹತ್ತಿರ 20 ಮಿ.ಮೀ. ಟೊರೊ ಅಷ್ಟೇ ದಪ್ಪ, ಒಂದು ಇಂಚು ಜಾಸ್ತಿ ಉದ್ದ. ಚರ್ಚಿಲ್ 7 ಇಂಚು, 47 ರಿಂಗ್. ಕೊರೋನಾ ಐದೂವರೆ ಇಂಚು, 42 ರಿಂಗ್. ಲಾನ್ಸೆರೊ ಏಳೂವರೆ ಇಂಚು ಉದ್ದವಿದ್ದರೂ ದಪ್ಪ ಬರೀ 38.

ಈ ಹೆಸರುಗಳನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ ರೊಬಸ್ಟೊ ಇನ್ನೊಂದು ಕಂಪನಿಯದಕ್ಕಿಂತ ದಪ್ಪ ಇರಬಹುದು, ಕೇಳುವವರು ಯಾರೂ ಇಲ್ಲ. ಕ್ಯೂಬಾದವರು ಮಾತ್ರ ಇದರಲ್ಲಿ ಶಿಸ್ತಿನವರು. ಕಾರ್ಖಾನೆಯೊಳಗೆ ಒಂದೊಂದು ಅಳತೆಗೂ ಒಂದು ಹೆಸರು ಇಟ್ಟಿದ್ದಾರೆ. 129 ಮಿ.ಮೀ. ಉದ್ದ, 42 ರಿಂಗ್ ಇದ್ದರೆ ಅದು ಮರೇವಾ. ಸಿಗಾರ್ ಮೇಲೆ ಸುತ್ತಿರುವ ಕಾಗದದ ಪಟ್ಟಿಯಲ್ಲಿ ಯಾವ ಬ್ರ್ಯಾಂಡಿನ ಹೆಸರಿದ್ದರೂ ಸರಿ. ಅಲ್ಲಿಯ ಮಾಂಟೆಕ್ರಿಸ್ಟೊ ಬ್ರ್ಯಾಂಡಿನ ನಂ. 4 ಇದೇ ಮರೇವಾ. ನಾನು ಪೆಟಿಟ್ ಕೊರೋನಾ ಅನ್ನುವಾಗ ಮನಸ್ಸಿನಲ್ಲಿರುವುದೂ ಇದೇ.

ಇನ್ನು ಸಣ್ಣದೇ ಯಾಕೆ ಅಂತ. ಸಿಗಾರ್‌ನಲ್ಲಿ ಮೂರು ಪದರ ಇರುತ್ತವೆ. ಒಳಗೆ ಫಿಲ್ಲರ್ ಎಲೆಗಳು, ಅವನ್ನು ಹಿಡಿದಿಡುವ ಬೈಂಡರ್, ಹೊರಗೆ ನುಣುಪಾದ ರ‍್ಯಾಪರ್. ಇರುವುದರಲ್ಲಿ ದುಬಾರಿ ಎಲೆ ರ‍್ಯಾಪರ್. ಕಲೆ, ತೂತು, ದಪ್ಪ ನರ ಇರುವ ಎಲೆ ಅದಕ್ಕೆ ಆಗುವುದಿಲ್ಲ. ಈಗ 42 ರಿಂಗ್‌ನ ಸಿಗಾರ್ ಪಕ್ಕದಲ್ಲಿ 60 ರಿಂಗ್‌ನದ್ದು ಇಟ್ಟು ಲೆಕ್ಕ ಹಾಕಿ. ಒಳಗೆ ಹಿಡಿಯುವ ಸೊಪ್ಪು ಎರಡು ಪಟ್ಟಾಗುತ್ತದೆ, ಸುತ್ತಳತೆ ಮಾತ್ರ ಒಂದೂವರೆ ಪಟ್ಟೂ ಆಗುವುದಿಲ್ಲ. ಅಂದರೆ ದಪ್ಪ ಆಗುತ್ತಾ ಹೋದ ಹಾಗೆ ರ‍್ಯಾಪರ್‌ನ ಪಾಲು ಇಳಿಯುತ್ತದೆ. ಸಪೂರ ಸಿಗಾರ್‌ನಲ್ಲಿ ಅದರ ರುಚಿ ನೇರವಾಗಿ ನಾಲಿಗೆಗೆ ತಾಗುತ್ತದೆ. ನನಗೆ ಬೇಕಾದದ್ದು ಅದು.

ದಪ್ಪ ಅಂದರೆ ಸ್ಟ್ರಾಂಗ್ ಅನ್ನೋದು ಸುಮ್ನೆ ಹಬ್ಬಿರುವ ಮಾತು. ಘಾಟು ಬರುವುದು ಒಳಗೆ ಯಾವ ಎಲೆ ಹಾಕಿದ್ದಾರೆ ಅನ್ನುವುದರಿಂದ. ಗಿಡದ ಮೇಲ್ತುದಿಯಲ್ಲಿ ಬಿಸಿಲು ತಿಂದು ಬೆಳೆದ ಲಿಹೇರೊ ಎಲೆ ಖಾರ, ಕೆಳಗಿನವು ಸೌಮ್ಯ. 38 ರಿಂಗ್‌ನ ಲಾನ್ಸೆರೊ ತಲೆ ಗಿರ್ ಅನ್ನಿಸಬಹುದು, 60ರದ್ದು ಸಪ್ಪೆ ಇರಬಹುದು.

ದಪ್ಪದ್ದಕ್ಕೆ ಅನುಕೂಲವೇ ಇಲ್ಲ ಅಂತಲ್ಲ. ಹೊಗೆ ತಣ್ಣಗೆ ಬರುತ್ತದೆ, ನಿಧಾನ ಉರಿಯುತ್ತದೆ, ಅವಸರದಲ್ಲಿ ಎಳೆದರೂ ಅಷ್ಟಾಗಿ ಕಹಿಯಾಗುವುದಿಲ್ಲ. ಒಳಗೆ ಜಾಗ ಜಾಸ್ತಿ ಇರುವುದರಿಂದ ನಾಲ್ಕಾರು ಬಗೆಯ ಎಲೆ ಬೆರೆಸಲೂಬಹುದು. ಸಪೂರದ್ದು ತಾಳ್ಮೆ ಕೇಳುತ್ತದೆ. ನಿಮಿಷಕ್ಕೆ ಒಂದು ದಮ್, ಅಷ್ಟೇ. ಸಿಗರೇಟಿನ ಹಾಗೆ ಮೇಲಿಂದ ಮೇಲೆ ಎಳೆದರೆ ಕಾದು ಬಾಯಿ ಸುಡುತ್ತದೆ.

ಆದರೂ 60 ರಿಂಗ್ ಬಾಯಲ್ಲಿಟ್ಟುಕೊಳ್ಳುವುದು ನನಗೆ ದವಡೆಯ ವ್ಯಾಯಾಮ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರ್ ಹುಚ್ಚು ಎದ್ದಮೇಲೆ ದಪ್ಪ ಏರುತ್ತಲೇ ಹೋಯಿತು. ಕ್ಯೂಬಾದವರೂ ಜೊತೆಗೆ ಹೊರಟರು. 2010ರಲ್ಲಿ ಕೊಹಿಬಾ ಬ್ರ್ಯಾಂಡಿನಲ್ಲಿ ಬಂದ ಬೆಹೀಕೆ ಸಾಲಿನ ಮೂರು ಸಿಗಾರ್‌ಗಳಿಗೆ 52, 54, 56 ಅಂತ ರಿಂಗ್ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು. ಆರೂವರೆ ಇಂಚು, 42 ರಿಂಗ್‌ನ ಲಾನ್ಸ್‌ಡೇಲ್‌ನಂಥ ಹಳೇ ಉದ್ದ ಸಪೂರ ಅಳತೆಗಳು ಈಗ ಅಂಗಡಿಗಳಲ್ಲಿ ಅಪರೂಪ. ನನಗಂತೂ ಇದು ನಷ್ಟ ಅನ್ನಿಸುತ್ತದೆ.

ಹೊತ್ತಿನ ಮಾತೂ ಇದೆ. ಪೆಟಿಟ್ ಕೊರೋನಾ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಊಟ ಆದಮೇಲೆ ತಾರಸಿಗೆ ಹೋಗಿ ಬರಲು ಹೇಳಿ ಮಾಡಿಸಿದ್ದು. ಚರ್ಚಿಲ್ ಹಚ್ಚಿದರೆ ಒಂದೂವರೆ ಗಂಟೆ ಎಲ್ಲೂ ಹೋಗುವ ಹಾಗಿಲ್ಲ, ಮನೆಯವರು ಎರಡು ಸಲ ಕರೆದಿರುತ್ತಾರೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಕಹಿಯೂ ನಿಕೋಟಿನ್ನೂ ಏರುತ್ತವೆ, ಉದ್ದದ್ದರಲ್ಲಿ ಆ ಭಾಗವೂ ಉದ್ದ. ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಸಣ್ಣದಾದರೆ ಕಡಿಮೆ ಸೊಪ್ಪು ಸುಡುತ್ತೇನೆ, ಅಷ್ಟೇ. ಅಭ್ಯಾಸ ಇಲ್ಲದವರು ಶುರು ಮಾಡದೇ ಇದ್ದರೆ ಇನ್ನೂ ಒಳ್ಳೆಯದು.

ಸಣ್ಣದನ್ನು ಇಷ್ಟಪಟ್ಟವರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕೂಡ ಒಬ್ಬರು. ಅವರ ಮೆಚ್ಚಿನದು ಕ್ಯೂಬಾದ ಸಿಗಾರ್, ಪೆಟಿಟ್ ಉಪ್‌ಮನ್. 1962ರ ಫೆಬ್ರವರಿಯಲ್ಲಿ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧಕ್ಕೆ ಸಹಿ ಹಾಕುವ ಮೊದಲು, ಒಂದು ಸಾವಿರ ಹೊಂದಿಸು ಅಂತ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್‌ಗೆ ಹೇಳಿದರಂತೆ. ಸಿಕ್ಕಿದ್ದು 1,200. ಅವು ಕೈಗೆ ಬಂದಮೇಲೆಯೇ ಸಹಿ ಬಿತ್ತು ಅಂತ ಸಾಲಿಂಜರ್ ಅವರೇ ಮುಂದೆ ಹೇಳಿಕೊಂಡರು. ದೊಡ್ಡವರ ತತ್ವ ನೋಡಿ!

ಶೇಪಿನ ವಿಷಯದಲ್ಲಿ ನಾನು ನೇರ ಸಿಗಾರ್‌ನವನು. ನೆಟ್ಟಗಿರುವವಕ್ಕೆ ಪರೇಹೊ ಅನ್ನುತ್ತಾರೆ, ತುದಿ ಚೂಪಾದವು, ಹೊಟ್ಟೆ ಉಬ್ಬಿದವು ಎಲ್ಲ ಫಿಗುರಾಡೊ. ಇವುಗಳಲ್ಲಿ ನನಗೆ ಗೌರವ ಇರುವುದು ಟಾರ್ಪೆಡೊ ಮೇಲೆ, ಮಾಂಟೆಕ್ರಿಸ್ಟೊ ನಂ. 2ರಂಥದ್ದು. 52 ರಿಂಗ್ ಇದ್ದರೂ ಬಾಯಿಗೆ ಹೋಗುವ ತುದಿ ಸಪೂರ. ಹಚ್ಚುವ ಮೊದಲು ಆ ಮುಚ್ಚಿದ ತುದಿಯನ್ನು ಎಷ್ಟು ಕತ್ತರಿಸುತ್ತೀರೋ ಅಷ್ಟು ಹೊಗೆ, ಹದ ನಿಮ್ಮ ಕೈಯಲ್ಲಿ. ಸುತ್ತುವುದು ಕಷ್ಟ, ಪಳಗಿದ ಕೈಗೇ ಕೊಡುತ್ತಾರೆ. ಎರಡೂ ತುದಿ ಸಣ್ಣಗಿರುವ ಪರ್ಫೆಕ್ಟೊ ನೋಡಲು ಚಂದ, ನನಗೆ ಅದಕ್ಕಿಂತ ಹೆಚ್ಚೇನೂ ಅನ್ನಿಸಿಲ್ಲ. ಮೂರು ಸಿಗಾರ್ ಜಡೆ ಹೆಣೆದ ಹಾಗೆ ಇರುವ ಕುಲೆಬ್ರಾ ಬರೀ ತಮಾಷೆ. ಬಿಚ್ಚಿ ಒಂದೊಂದಾಗಿ ಸೇದಬೇಕು. ಲಾನ್ಸೆರೊ ಮಾತ್ರ ಆಸೆ ಹುಟ್ಟಿಸುತ್ತದೆ. ಹವಾನಾದ ಎಲ್ ಲಗೀಟೊ ಕಾರ್ಖಾನೆಯಲ್ಲಿ ಕ್ಯಾಸ್ಟ್ರೊಗಾಗಿ ಸುತ್ತುತ್ತಿದ್ದ ಅಳತೆ ಅದು. ಆದರೆ ಅಷ್ಟು ಸಪೂರದಲ್ಲಿ ಒಂದು ಎಲೆ ಮಡಚಿಕೊಂಡರೂ ಗಾಳಿ ಆಡುವುದಿಲ್ಲ, ಕೊಟ್ಟ ದುಡ್ಡು ಬೂದಿ ಕೂಡ ಆಗದೆ ಹಾಳು.

ನಮ್ಮ ಪಕ್ಕದಲ್ಲೇ ತಿರುಚಿನಾಪಳ್ಳಿಯ ಚುಟ್ಟಾ ಇದೆ. ಎರಡೂ ತುದಿ ತೆರೆದಿರುವುದರಿಂದ ಕಟ್ಟರ್ ಬೇಡ. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿಗೂ ಹೋಗುತ್ತಿತ್ತು. ಒರಟು, ಘಾಟು ಜೋರು. ಆದರೆ ಆ ಸರಳ ಆಕಾರ ನನಗೆ ಇಷ್ಟ.

ಈಗ ನಿಮ್ಮ ಗೆಳೆಯನಿಗೆ ಏನು ಹೇಳಬೇಕು ಅಂತ. ಒಂದೇ ಬ್ರ್ಯಾಂಡಿನ ಎರಡು ಸೈಜು ತರಲು ಹೇಳಿ, ಬಿಡಿಯಾಗಿ ಅಥವಾ ಚಿಕ್ಕ ಪ್ಯಾಕ್‌ನಲ್ಲಿ. ಉದಾಹರಣೆಗೆ ಮಾಂಟೆಕ್ರಿಸ್ಟೊ ನಂ. 4 ಮತ್ತು ನಂ. 2. ಬೇರೆ ಬೇರೆ ಬ್ರ್ಯಾಂಡ್ ತಂದರೆ ವ್ಯತ್ಯಾಸ ಅಳತೆಯದ್ದೋ ಎಲೆಯದ್ದೋ ತಿಳಿಯುವುದಿಲ್ಲ. ಸುಂಕ ಕಟ್ಟದೆ ತರಬಹುದಾದದ್ದು 25 ಸಿಗಾರ್, ಬೇರೆ ಸಿಗರೇಟು ತರದಿದ್ದರೆ. ಒಂದು ದೊಡ್ಡ ಪೆಟ್ಟಿಗೆಗೆ ಸರಿಹೋಗುತ್ತದೆ ಅಂತ ಪೂರ್ತಿ ಪೆಟ್ಟಿಗೆ ತರಿಸಬೇಡಿ. ತೇವ 65ರಿಂದ 70 ಪರ್ಸೆಂಟ್ ಇರುವ ಡಬ್ಬಿ ಇಲ್ಲದಿದ್ದರೆ ಬೆಂಗಳೂರಿನ ಮಾರ್ಚ್ ಬಿಸಿಲಿಗೆ ರ‍್ಯಾಪರ್ ಒಣಗಿ ಸಿಡಿಯುತ್ತದೆ, ಸಪೂರದ್ದು ಇನ್ನೂ ಬೇಗ.